ಮಂಡಿನೋವಿಗೆ ಬರೀ ಕರೆಂಟ್ ಸಾಲದು

ಮಾನ್ಯ ಸಂಪಾದಕರೇ,

ಕಲ್ಯಾಣ ಮಂಟಪ, ಸಮುದಾಯ ಭವನಗಳಲ್ಲಿ ನಡೆಯುವ ‘ಉಚಿತ ಫುಟ್ ಪಲ್ಸ್ ಥೆರಪಿ ಶಿಬಿರ’ಗಳ ಪ್ರಕಟಣೆಗಳು ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಆಗಾಗ ಬರುತ್ತಿರುತ್ತವೆ. ಸಾಲಾಗಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹಿರಿಯರು ಕುಳಿತು, ಅಂಗಾಲನ್ನು ಯಂತ್ರದ ಮೇಲಿಟ್ಟು, ಅರ್ಧ ಗಂಟೆ ಹಿತವಾಗಿ ಜುಮ್ಮೆನ್ನುವಷ್ಟು ವಿದ್ಯುತ್ ಹಾಯಿಸಿಕೊಂಡು ಎದ್ದು ಹೋಗುತ್ತಾರೆ. ಅದೇ ಯಂತ್ರ ಅಲ್ಲೇ ಮಾರಾಟಕ್ಕೂ ಇರುತ್ತದೆ. ಇನ್ನೊಂದು ಕಡೆ, ನಮ್ಮದೇ ವೃತ್ತಿಯ ಎಷ್ಟೋ ಕ್ಲಿನಿಕ್‌ಗಳಲ್ಲಿ ಮಂಡಿನೋವು, ಸೊಂಟನೋವು ಎಂದು ಬಂದವರಿಗೆ ‘ಹತ್ತು ದಿನ ಕರೆಂಟ್’ ಎಂದು ಬರೆದು ಕಳಿಸುವುದು ರೂಢಿಯಾಗಿಬಿಟ್ಟಿದೆ. ಫಿಸಿಯೊಥೆರಪಿಸ್ಟ್ ಆಗಿರುವ ನಾನು ಈ ಯಂತ್ರಗಳನ್ನು ದಿನವೂ ಬಳಸುವವಳು, ಅವುಗಳ ವಿರೋಧಿಯಲ್ಲ. ಆದರೆ ವ್ಯಾಯಾಮಕ್ಕೆ ಊರುಗೋಲಾಗಬೇಕಿದ್ದ ಕರೆಂಟ್, ವ್ಯಾಯಾಮದ ಜಾಗದಲ್ಲೇ ಬಂದು ಕುಳಿತಿರುವುದರಿಂದ ರೋಗಿಗಳಿಗೆ ನಷ್ಟವಾಗುತ್ತಿದೆ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಬೇಕೆನಿಸಿತು.

ನೋವಿಗೆಂದು ಕೊಡುವ ಕರೆಂಟ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವವು ಟೆನ್ಸ್ ಮತ್ತು ಐಎಫ್‌ಟಿ ಎಂಬ ಎರಡು ಬಗೆಗಳು. ನೋವಿನ ಸಂದೇಶ ಮಿದುಳಿಗೆ ಹೋಗುವ ಮೊದಲು ಬೆನ್ನುಹುರಿಯಲ್ಲಿ ಒಂದು ತಡೆಯನ್ನು ದಾಟಬೇಕಾಗುತ್ತದೆ, ಸ್ಪರ್ಶದ ನರಗಳನ್ನು ಎಚ್ಚರಿಸಿದರೆ ಆ ತಡೆ ಮುಚ್ಚಿಕೊಳ್ಳುತ್ತದೆ ಎಂದು ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಝ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ವಿವರಿಸಿದರು. ಪೆಟ್ಟಾದ ಜಾಗವನ್ನು ನಾವು ತಿಳಿಯದೆಯೇ ಉಜ್ಜಿಕೊಳ್ಳುವುದರ ಹಿಂದೆಯೂ ಇದೇ ಕಾರಣವಿದೆ. ಚರ್ಮಕ್ಕೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಸೆಕೆಂಡಿಗೆ 80ರಿಂದ 100 ವಿದ್ಯುತ್ ಮಿಡಿತ ಕೊಡುವ ಟೆನ್ಸ್ ಇದನ್ನೇ ಮಾಡುತ್ತದೆ. ಐಎಫ್‌ಟಿಯಲ್ಲಿ 4,000 ಹರ್ಟ್ಸ್ ಆಸುಪಾಸಿನ, ಪರಸ್ಪರ ತುಸು ಭಿನ್ನವಾದ ಎರಡು ಪ್ರವಾಹಗಳನ್ನು ನಾಲ್ಕು ಪ್ಯಾಡ್‌ಗಳಿಂದ ಅಡ್ಡಡ್ಡ ಹಾಯಿಸುತ್ತಾರೆ. ಅವೆರಡರ ವ್ಯತ್ಯಾಸದಿಂದ ಹುಟ್ಟುವ ಮಂದ ಮಿಡಿತ ನರಗಳನ್ನು ಮುಟ್ಟುತ್ತದೆ. ಎರಡರಿಂದಲೂ ಯಂತ್ರ ಚಾಲೂ ಇರುವಷ್ಟು ಹೊತ್ತು, ಕೆಲವರಿಗೆ ನಂತರ ಇನ್ನಷ್ಟು ಹೊತ್ತು, ನೋವು ತಗ್ಗಬಹುದು. ಆದರೆ ಅವುಗಳಿಂದ ಸವೆದ ಮೃದ್ವಸ್ಥಿ ಬೆಳೆಯುವುದಿಲ್ಲ, ಸೊರಗಿದ ತೊಡೆಗೆ ಬಲವೂ ಬರುವುದಿಲ್ಲ. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ‘ನೈಸ್’ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಟೆನ್ಸ್, ಐಎಫ್‌ಟಿ ಕೊಡಬೇಡಿ ಎಂದಿತು. 2022ರಲ್ಲಿ ಕೀಲು ಸವೆತದ ವಿಷಯದಲ್ಲೂ ಅದನ್ನೇ ಹೇಳಿ, ಎಲ್ಲ ರೋಗಿಗಳಿಗೂ ವ್ಯಾಯಾಮವನ್ನು ಸೂಚಿಸಿತು. ನನ್ನ ಮಟ್ಟಿಗೆ ಇದು ತುಸು ಕಟುವಾದ ತೀರ್ಪೇ. ನೋವಿನಿಂದ ಕಾಲು ಮಡಚಲೂ ಹೆದರುವವರಿಗೆ ಇಪ್ಪತ್ತು ನಿಮಿಷ ಟೆನ್ಸ್ ಕೊಟ್ಟು, ಆ ನೋವು ತಗ್ಗಿದ ಹೊತ್ತಿನಲ್ಲೇ ವ್ಯಾಯಾಮ ಮಾಡಿಸುವುದಕ್ಕೆ ಅರ್ಥವಿದೆ. ಪ್ಯಾಡ್ ಬಿಚ್ಚಿದ ಕೂಡಲೇ ‘ನಾಳೆ ಬನ್ನಿ’ ಎಂದು ಕಳಿಸುವುದಕ್ಕೆ ಅರ್ಥವಿಲ್ಲ.

ಕರೆಂಟ್ ನಿಜವಾಗಿ ಕೈಹಿಡಿಯುವ ಸಂದರ್ಭಗಳು ಬೇರೆಯೇ ಇವೆ, ಶಿಬಿರಗಳಲ್ಲಿ ಅವು ಕಾಣಸಿಗುವುದಿಲ್ಲ. ಮಂಡಿಯ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ, ಕೀಲಿನ ಊತ ಮತ್ತು ನೋವಿನಿಂದಾಗಿ ತೊಡೆಯ ಮುಂಭಾಗದ ಸ್ನಾಯುವಿಗೆ ಮಿದುಳಿನ ಆಜ್ಞೆ ಸರಿಯಾಗಿ ತಲುಪುವುದಿಲ್ಲ. ರೋಗಿ ಎಷ್ಟೇ ಪ್ರಯತ್ನಪಟ್ಟರೂ ಹಿಮ್ಮಡಿ ಹಾಸಿಗೆಯಿಂದ ಮೇಲೇಳುವುದಿಲ್ಲ. ಆಗ ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು, ತೊಡೆಯ ಮೇಲ್ಭಾಗದಲ್ಲೊಂದು, ಮಂಡಿಚಿಪ್ಪಿನ ತುಸು ಮೇಲೊಂದು ದೊಡ್ಡ ಪ್ಯಾಡ್ ಅಂಟಿಸಿ, ಸ್ನಾಯು ಗಟ್ಟಿಯಾಗಿ ಬಿಗಿದುಕೊಳ್ಳುವಷ್ಟು ಪ್ರವಾಹವನ್ನು 10 ಸೆಕೆಂಡು ಕೊಟ್ಟು 50 ಸೆಕೆಂಡು ಬಿಡುತ್ತೇವೆ. ಆ ಹತ್ತು ಸೆಕೆಂಡು ರೋಗಿಯೂ ಸುಮ್ಮನಿರುವಂತಿಲ್ಲ, ಮಂಡಿಯನ್ನು ಟವೆಲಿಗೆ ಒತ್ತಲೇಬೇಕು. ಇದೇನೂ ಹಿತವಾದ ಅನುಭವವಲ್ಲ, ಹಲ್ಲು ಕಚ್ಚಿ ಸಹಿಸಬೇಕು. ಜುಮ್ಮೆನ್ನುವಷ್ಟೇ ಕೊಟ್ಟರೆ ಸ್ನಾಯುವಿಗೆ ಬಲ ಬರುವುದೂ ಇಲ್ಲ. ಹಾಗೆಯೇ ಲಕ್ವ ಹೊಡೆದು ಪಾದ ಜೋತುಬಿದ್ದವರಿಗೆ, ಹಿಮ್ಮಡಿ ನೆಲದಿಂದ ಎದ್ದ ಕ್ಷಣಕ್ಕೆ ಸರಿಯಾಗಿ ಮಂಡಿಯ ಹೊರಬದಿಯ ನರಕ್ಕೆ ಮಿಡಿತ ಕೊಟ್ಟು ಪಾದವನ್ನು ಮೇಲೆತ್ತಿಸುವ ಉಪಾಯವನ್ನು ಅಮೆರಿಕದಲ್ಲಿ ವ್ಲಾದಿಮಿರ್ ಲಿಬರ್ಸನ್ ಮತ್ತು ಸಂಗಡಿಗರು 1961ರಲ್ಲೇ ತೋರಿಸಿಕೊಟ್ಟರು. ಎರಡರಲ್ಲೂ ಕೆಲಸ ಮಾಡುವವರು ರೋಗಿಯೇ, ಯಂತ್ರ ಜೊತೆಗೂಡುತ್ತದೆ ಅಷ್ಟೆ.

ಮುಖ ಓರೆಯಾದವರ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಬದಿಯಿಂದ ಸೋರಿತು, ಕಣ್ಣು ಮುಚ್ಚಲಾಗುತ್ತಿಲ್ಲ ಎಂದು ಗಾಬರಿಯಾದವರನ್ನು ಮನೆಯವರು ನೇರವಾಗಿ ‘ಮುಖಕ್ಕೆ ಕರೆಂಟ್ ಇಡಿಸಲು’ ಕರೆತರುವುದುಂಟು. ಅದು ಪಾರ್ಶ್ವವಾಯು ಅಲ್ಲವೆಂದು ಮೊದಲು ವೈದ್ಯರು ಖಚಿತಪಡಿಸಬೇಕು. ಮುಖದ ನರವಷ್ಟೇ ಬಲಗುಂದುವ ಬೆಲ್ಸ್ ಪಾಲ್ಸಿಯೇ ಆಗಿದ್ದರೆ, ವೈದ್ಯರ ಸಲಹೆಯಂತೆ ಮೊದಲ 72 ಗಂಟೆಗಳೊಳಗೆ ಆರಂಭಿಸುವ ಸ್ಟೀರಾಯ್ಡ್ ಮಾತ್ರೆಗಳಿಂದ ಪ್ರಯೋಜನವಿದೆ ಎಂಬುದು ದೃಢಪಟ್ಟಿದೆ. ಕರೆಂಟ್‌ನಿಂದ ಚೇತರಿಕೆ ಚುರುಕಾಗುತ್ತದೆ ಎಂಬುದಕ್ಕೆ ಅಂಥ ಆಧಾರವಿಲ್ಲ. ಯಾವ ಚಿಕಿತ್ಸೆಯೂ ಇಲ್ಲದೆಯೇ ಹತ್ತರಲ್ಲಿ ಸುಮಾರು ಏಳು ಮಂದಿ ಪೂರ್ತಿ ಗುಣವಾಗುತ್ತಾರೆ, ಆ ಕೀರ್ತಿ ಮಾತ್ರ ಸಲೀಸಾಗಿ ಯಂತ್ರಕ್ಕೆ ಸಂದುಬಿಡುತ್ತದೆ. ಕರೆಂಟ್ ಇಡಿಸಿಕೊಳ್ಳುತ್ತಾ ಆ ಮೂರು ದಿನ ಕಳೆದುಕೊಂಡವರಿಗೆ, ಮುಚ್ಚದ ಕಣ್ಣಿಗೆ ಹನಿ ಹಾಕಿ ರಾತ್ರಿ ಟೇಪ್ ಅಂಟಿಸಬೇಕೆಂದು ಯಾರೂ ಹೇಳಿಕೊಡದವರಿಗೆ ಆದ ಹಾನಿ ಎಲ್ಲೂ ಲೆಕ್ಕಕ್ಕೆ ಸಿಗುವುದಿಲ್ಲ.

ಪ್ಯಾಡ್ ಇಡುವ ಮೊದಲು ಚರ್ಮದ ಸ್ಪರ್ಶಜ್ಞಾನವನ್ನು ಪರೀಕ್ಷಿಸುವುದು ನಮ್ಮ ಪಾಠದ ಮೊದಲ ಹಂತ. ಹತ್ತಿ ತಾಗಿದ್ದು, ಗುಂಡುಸೂಜಿ ಚುಚ್ಚಿದ್ದು ರೋಗಿಗೆ ಬೇರೆ ಬೇರೆಯಾಗಿ ತಿಳಿಯಬೇಕು. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದವರಿಗೆ ಅದು ತಿಳಿಯದೇ ಹೋಗಬಹುದು. ಪ್ಯಾಡಿನ ಒಂದು ಅಂಚು ಮೇಲೆದ್ದರೆ ಅಥವಾ ಅಡಿಯ ಸ್ಪಂಜು ಅಲ್ಲಲ್ಲಿ ಒಣಗಿದ್ದರೆ ಪ್ರವಾಹವೆಲ್ಲ ಸಣ್ಣ ಜಾಗಕ್ಕೆ ಹರಿದು ಚರ್ಮ ಸುಡಬಹುದು, ಸುಟ್ಟದ್ದು ಗೊತ್ತಾಗದಿದ್ದರೆ ಆ ಗಾಯ ಮಾಯಲು ತಿಂಗಳುಗಳೇ ಬೇಕಾಗಬಹುದು. ಫುಟ್ ಪಲ್ಸ್ ಶಿಬಿರಕ್ಕೆ ಹೆಚ್ಚು ಆಸೆಯಿಂದ ಬರುವವರಲ್ಲಿ ಇಂಥವರೂ ಇದ್ದಾರೆ. ಪೇಸ್‌ಮೇಕರ್ ಅಳವಡಿಸಿಕೊಂಡವರು, ಗರ್ಭಿಣಿಯರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಕ್ಯಾನ್ಸರ್ ಗಡ್ಡೆ ಇರುವವರು, ಮೂರ್ಛೆರೋಗದವರು — ಇವರನ್ನೆಲ್ಲ ವಿಚಾರಿಸದೆ ಸ್ವಿಚ್ ಒತ್ತಬಾರದು. ಒಬ್ಬರೆದ್ದ ಕುರ್ಚಿಗೆ ಮತ್ತೊಬ್ಬರು ಬಂದು ಕೂರುವ ಗದ್ದಲದಲ್ಲಿ ಈ ಪ್ರಶ್ನೆಗಳನ್ನು ಕೇಳುವವರು ಯಾರು?

ತಪ್ಪೆಲ್ಲ ಶಿಬಿರದವರದ್ದೇ ಅಲ್ಲ. ಪ್ಯಾಡ್ ಅಂಟಿಸಲು ಎರಡು ನಿಮಿಷ ಸಾಕು, ವ್ಯಾಯಾಮ ಕಲಿಸಲು ಒಬ್ಬೊಬ್ಬರ ಪಕ್ಕ ಅರ್ಧ ಗಂಟೆ ನಿಲ್ಲಬೇಕು. ನಾಲ್ಕು ಮಂಚಕ್ಕೆ ಒಬ್ಬರೇ ಇರುವ ಕ್ಲಿನಿಕ್ ಯಾವ ಕಡೆ ವಾಲುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟ್ ಇಡದೆ ಬರೀ ಕಾಲೆತ್ತಿಸಿ ಕಳಿಸಿದರೆ ‘ಇದಕ್ಕೂ ದುಡ್ಡು ಕೊಡಬೇಕೇ’ ಎಂದು ಕೇಳುವ ರೋಗಿಗಳೂ ಇದ್ದಾರೆ.

ಇರುವ ಕಾನೂನುಗಳೇ ಸಾಕಷ್ಟಿವೆ. ಮಧುಮೇಹ, ಪಾರ್ಶ್ವವಾಯು, ರಕ್ತದೊತ್ತಡ, ಸಂಧಿವಾತಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ ನಿಷೇಧಿಸುತ್ತದೆ. ಶಿಬಿರಗಳ ಕರಪತ್ರಗಳಲ್ಲಿ ಇದೇ ಕಾಯಿಲೆಗಳ ಹೆಸರುಗಳು ಧಾರಾಳವಾಗಿ ಕಾಣುತ್ತವೆ. ವೈದ್ಯಕೀಯ ಸಾಧನಗಳು 2020ರ ಏಪ್ರಿಲ್ 1ರಿಂದ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಫಿಸಿಯೊಥೆರಪಿಯನ್ನು ಒಳಗೊಂಡ ವೃತ್ತಿಗಳ ನೋಂದಣಿಗೆಂದು ಸಂಸತ್ತು 2021ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿದೆ. ನಾವು ಕ್ಲಿನಿಕ್ ತೆರೆಯಬೇಕಾದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಗೆ ಓಡಾಡುತ್ತೇವೆ, ಬಾಡಿಗೆ ಸಭಾಂಗಣದಲ್ಲಿ ನಡೆಯುವ ಶಿಬಿರಕ್ಕೂ ಜಿಲ್ಲಾ ಆರೋಗ್ಯಾಧಿಕಾರಿಗಳು ಭೇಟಿ ಕೊಟ್ಟು ದಾಖಲೆ ಕೇಳಬೇಕು. ಸಭಾಂಗಣ ಕೊಡುವ ಸಂಘ ಸಂಸ್ಥೆಗಳು, ಉದ್ಘಾಟನೆಗೆ ಹೋಗುವ ಜನಪ್ರತಿನಿಧಿಗಳು ಒಂದು ಮಾತು ವಿಚಾರಿಸಿದರೂ ಒಳ್ಳೆಯದೇ.

ತಮ್ಮಲ್ಲೂ ಒಂದು ವಿನಂತಿಯಿದೆ. ಇಂಥ ಶಿಬಿರದ ಪ್ರಕಟಣೆ ತಂದುಕೊಡುವವರಿಂದ, ಅಲ್ಲಿ ಹಾಜರಿರುವ ಫಿಸಿಯೊಥೆರಪಿಸ್ಟ್ ಅಥವಾ ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನೂ, ಯಂತ್ರದ ಮಾರಾಟ ಇದೆಯೋ ಇಲ್ಲವೋ ಎಂಬುದನ್ನೂ ಕೇಳಿ ಪಡೆದು, ಅವನ್ನು ಸ್ಥಳ ಮತ್ತು ಸಮಯದ ಜೊತೆಗೇ ಅಚ್ಚು ಹಾಕಬೇಕು. ಕೊಡಲೊಪ್ಪದವರ ಪ್ರಕಟಣೆಯನ್ನು ಕೈಬಿಡಬೇಕೆಂದು ಕೋರುತ್ತೇನೆ.

— ಓರ್ವ ಫಿಸಿಯೊಥೆರಪಿಸ್ಟ್, ಹಾಸನ