ಭಾನುವಾರದ ಸಭೆ: ಕೋಚ್‌ಗಳಿಗೊಂದು ಸಂಘ ಬೇಕಾ?

ಎಲ್ಲ ಕೋಚ್ ಗೆಳೆಯರಿಗೂ ನಮಸ್ಕಾರ.

ಈ ಭಾನುವಾರ ಬೆಳಗ್ಗೆ 10ಕ್ಕೆ, ಪ್ರಾಕ್ಟೀಸ್ ಮುಗಿದ ಮೇಲೆ, ಸ್ಟೇಡಿಯಂ ಗ್ಯಾಲರಿ ಹತ್ತಿರ ಸೇರೋಣ. ಖಾಸಗಿ ಕಾಲೇಜುಗಳಲ್ಲಿ ಗುತ್ತಿಗೆ ಮೇಲೆ, ಪಾರ್ಟ್ ಟೈಮ್ ಆಗಿ ದುಡಿಯುವ ಎಲ್ಲರೂ ಬನ್ನಿ. ವಿಷಯ ಒಂದೇ: ನಾವು ಕಾರ್ಮಿಕ ಸಂಘ ಕಟ್ಟಬೇಕಾ, ಬೇಡವಾ?

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ, ಕಟ್ಟಲೇಬೇಕು. ಕಳೆದ ವರ್ಷ ಬೇಸಿಗೆ ರಜೆಯ ಎರಡು ತಿಂಗಳು ನನಗೆ ಸಂಬಳ ಬರಲಿಲ್ಲ. ಆದರೆ ಆ ಎರಡೂ ತಿಂಗಳು ಬೆಳಗ್ಗೆ 5:30ಕ್ಕೆ ಮಕ್ಕಳ ಜೊತೆ ಮೈದಾನದಲ್ಲೇ ಇದ್ದೆ. ನಿಮ್ಮಲ್ಲಿ ಜಾಸ್ತಿ ಜನರದ್ದೂ ಇದೇ ಕಥೆ ಅಲ್ವಾ?

ಸಂಘದ ನೋಂದಣಿಗೆ ಕನಿಷ್ಠ 7 ಜನ ಅರ್ಜಿ ಹಾಕಬೇಕು. ಅಷ್ಟು ಜನ ಈ ಗುಂಪಲ್ಲೇ ಇದ್ದೇವೆ. ಕಷ್ಟ ಇರುವುದು ಬೇರೆ ಕಡೆ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂದು 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಕೋಚ್ ಕೂಡ ಶಿಕ್ಷಕರೇ’ ಅಂತ ಆಡಳಿತ ಮಂಡಳಿಯವರು ವಾದಿಸಬಹುದು. ಹಾಗಾಗಿ ವಕೀಲರೊಬ್ಬರನ್ನೂ ಕರೆದಿದ್ದೇನೆ. ಅಮೆರಿಕದ ಪೆನ್ಸಿಲ್ವೇನಿಯಾದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರ ಸಂಘವೇ ಕೋಚ್‌ಗಳ ಪರವಾಗಿಯೂ ಒಪ್ಪಂದ ಮಾಡಿಕೊಳ್ಳುತ್ತದೆ. ನಾವೂ ಉಪನ್ಯಾಸಕರ ಜೊತೆ ಸೇರಬಹುದಾ, ಅದನ್ನೂ ಕೇಳೋಣ.

ಬರುವಾಗ ನೇಮಕಾತಿ ಪತ್ರ, ಕಳೆದ 12 ತಿಂಗಳ ಪಾಸ್‌ಬುಕ್ ಜೆರಾಕ್ಸ್ ತನ್ನಿ. ಪತ್ರವೇ ಕೊಟ್ಟಿಲ್ಲ ಎಂದರೆ, ಟೂರ್ನಿಗೆ ತಂಡ ಕರೆದುಕೊಂಡು ಹೋಗಲು ಕೊಟ್ಟ ಆದೇಶದ ಪ್ರತಿಯಾದರೂ ಇರಲಿ. ಇವುಗಳ ಫೋಟೋ ಗುಂಪಲ್ಲಿ ಹಾಕಬೇಡಿ, ಯಾರ ಕೆಲಸಕ್ಕೂ ತೊಂದರೆ ಆಗುವುದು ಬೇಡ.

ಬರುವವರು ಶುಕ್ರವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ಹಾಕಿ. ಸಂಘ ಬೇಡ ಅನ್ನುವವರೂ ದಯವಿಟ್ಟು ಬನ್ನಿ, ನಿಮ್ಮ ಕಾರಣಗಳನ್ನೂ ಕೇಳಬೇಕು.