ರೆಸ್ಯೂಮೆ ತಿದ್ದಲಿ ತಂತ್ರಾಂಶ, ‘ಸಬ್ಮಿಟ್’ ಒತ್ತುವುದು ಬೇಡ

ಸಂಪಾದಕರಿಗೆ,

ಮಾನ್ಯರೇ,

‘ನೀವು ಮಲಗಿ ಏಳುವಷ್ಟರಲ್ಲಿ ನೂರಾರು ಕಂಪನಿಗಳಿಗೆ ನಿಮ್ಮ ಅರ್ಜಿ ಹೋಗಿರುತ್ತದೆ’ ಎನ್ನುವ ಜಾಹೀರಾತುಗಳು ಪದವಿ ಮುಗಿಸಿದ ಹುಡುಗ ಹುಡುಗಿಯರ ಮೊಬೈಲಿನಲ್ಲಿ ಓಡಾಡುತ್ತಿವೆ. ಕೆಲಸದ ಪ್ರಕಟಣೆ ಓದಿ, ರೆಸ್ಯೂಮೆಯನ್ನು ಅದಕ್ಕೆ ತಕ್ಕಂತೆ ತಿದ್ದಿ, ಅರ್ಜಿ ನಮೂನೆಯನ್ನೂ ತಾನೇ ತುಂಬಿ ಕಳಿಸುವ ತಂತ್ರಾಂಶಗಳಿವು. ಇವನ್ನು ಮುಟ್ಟಲೇಬೇಡಿ ಎನ್ನುವುದು ನಮ್ಮ ಮಾತಲ್ಲ. ತಿದ್ದುವ ಕೆಲಸವನ್ನು ಧಾರಾಳವಾಗಿ ಒಪ್ಪಿಸಬಹುದು. ಕಳಿಸುವ ಗುಂಡಿಯನ್ನೂ ಒಪ್ಪಿಸಿದಾಗ ಕೆಡುತ್ತದೆ. ಎಲ್ಲಿ, ಯಾಕೆ ಕೆಡುತ್ತದೆ ಎಂಬುದು ಜಾಹೀರಾತಿನಲ್ಲಿ ಇರುವುದಿಲ್ಲವಾದ್ದರಿಂದ ಈ ಪತ್ರ.

ಮೊದಲು ಒಂದು ಭಯ ಬಿಡಿಸಬೇಕು. ‘ನೂರಕ್ಕೆ 75 ರೆಸ್ಯೂಮೆಗಳನ್ನು ಮನುಷ್ಯರು ನೋಡುವ ಮೊದಲೇ ಕಂಪ್ಯೂಟರ್ ಕಸದ ಬುಟ್ಟಿಗೆ ಹಾಕುತ್ತದೆ’ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ರೆಸ್ಯೂಮೆ ಸೇವೆ ಮಾರುವವರು ಬಾಯಿಂದ ಬಾಯಿಗೆ ದಾಟಿಸಿದ ಅಂಕಿ ಅದು. ವರ್ಕ್‌ಡೇ, ಗ್ರೀನ್‌ಹೌಸ್, ಟ್ಯಾಲಿಯೋ ಮುಂತಾದ, ಕಂಪನಿಗಳು ಬಂದ ಅರ್ಜಿಗಳನ್ನು ಜೋಡಿಸಿಡಲು ಬಳಸುವ ವ್ಯವಸ್ಥೆಗಳನ್ನು ಒಟ್ಟಾಗಿ ಎಟಿಎಸ್ (ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್) ಎನ್ನುತ್ತಾರೆ. ಇವುಗಳ ಮುಖ್ಯ ಕೆಲಸ ರೆಸ್ಯೂಮೆಯಿಂದ ಪಠ್ಯ ಎತ್ತಿ ಹೆಸರು, ಓದು, ಅನುಭವ ಎಂಬ ಖಾನೆಗಳಿಗೆ ಹಂಚುವುದು, ಎಚ್‌ಆರ್‌ನವರು ಹುಡುಕಿದಾಗ ಎದುರಿಗೆ ತರುವುದು. ಈಚೆಗೆ ಕೆಲವು ವ್ಯವಸ್ಥೆಗಳು ರೆಸ್ಯೂಮೆಗಳಿಗೆ ಅಂಕ ಕೊಟ್ಟು ಮೇಲೆ ಕೆಳಗೆ ಜೋಡಿಸುತ್ತವೆ, ನಿಜ. ಆದರೆ ಯಾರೂ ನೋಡದೆ ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ನಮೂನೆಯಲ್ಲಿರುವ ಪ್ರಶ್ನೆಗಳಿಂದ: 60 ಪರ್ಸೆಂಟ್ ಇದೆಯೇ, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದೆಯೇ, ನೋಟಿಸ್ ಅವಧಿ ಎಷ್ಟು, ಪುಣೆಗೆ ಬರುತ್ತೀರಾ? ಅಂದರೆ ಅಭ್ಯರ್ಥಿ ಸೋಲುವ ಜಾಗ ಎರಡು. ಒಂದು, ಪಠ್ಯ ಸರಿಯಾಗಿ ಎತ್ತಲಾಗದಿರುವುದು. ಇನ್ನೊಂದು, ನಮೂನೆಯ ತಪ್ಪು ಉತ್ತರ. ಮೊದಲನೆಯದಕ್ಕೆ ರೆಸ್ಯೂಮೆ ತಿದ್ದುವ ತಂತ್ರಾಂಶ ಸಹಾಯ ಮಾಡುತ್ತದೆ, ಎರಡನೆಯದನ್ನು ಅದೇ ಹಾಳು ಮಾಡುತ್ತದೆ.

ಪಠ್ಯದ ಪರೀಕ್ಷೆಗೆ ಕಾಸು ಖರ್ಚಿಲ್ಲ. ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ಕೆ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಅಂಟಿಸಿ. ಎಟಿಎಸ್‌ಗೆ ಕಾಣುವುದು ಹೆಚ್ಚುಕಡಿಮೆ ಅದೇ. ಎರಡು ಕಾಲಮ್ಮಿನ ಬಣ್ಣದ ವಿನ್ಯಾಸವಾದರೆ ಎಡಗಡೆಯ ‘ಕೌಶಲ’ ಬಲಗಡೆಯ ‘ಅನುಭವ’ದ ಸಾಲಿನೊಳಗೆ ನುಗ್ಗಿರಬಹುದು. ಫೋನ್ ನಂಬರನ್ನು ಪುಟದ ಹೆಡರ್‌ನಲ್ಲಿ ಇಟ್ಟಿದ್ದರೆ ಕೆಲವು ವ್ಯವಸ್ಥೆಗಳು ಅದನ್ನು ಓದುವುದೇ ಇಲ್ಲ. ಸ್ಕ್ಯಾನ್ ಮಾಡಿದ ಅಥವಾ ಚಿತ್ರವಾಗಿ ಉಳಿಸಿದ ಕಡತವಾದರೆ ನೋಟ್‌ಪ್ಯಾಡ್ ಖಾಲಿ ಇರುತ್ತದೆ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಕೀವರ್ಡ್ ತುಂಬುವ ಕಳ್ಳ ಉಪಾಯವೂ ಇಲ್ಲೇ ಬಯಲಾಗುತ್ತದೆ. ಪಠ್ಯ ಎತ್ತಿದ ಮೇಲೆ ಬಣ್ಣ ಉಳಿಯುವುದಿಲ್ಲ, ಎಚ್‌ಆರ್‌ನವರ ಪರದೆಯಲ್ಲಿ ಕಪ್ಪಾಗಿಯೇ ಕಾಣುತ್ತದೆ.

ಕನ್ನಡದಲ್ಲಿ ಕೆಲಸ ಹುಡುಕುವವರಿಗೆ, ಅಂದರೆ ಅನುವಾದ, ಪತ್ರಿಕೆ, ಡಿಟಿಪಿ, ಶಿಕ್ಷಕ ಹುದ್ದೆಗಳಿಗೆ, ಇನ್ನೊಂದು ತೊಡಕಿದೆ. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ರೆಸ್ಯೂಮೆ ಕಣ್ಣಿಗೆ ಕನ್ನಡ; ಯಂತ್ರಕ್ಕೆ ಲ್ಯಾಟಿನ್ ಅಕ್ಷರ, ಚಿಹ್ನೆಗಳ ಚಿಂದಿ. ಮೊದಲು ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡಿಗೆ ಪರಿವರ್ತಿಸಬೇಕು. ಯೂನಿಕೋಡ್ ಆದರೂ ಪಿಡಿಎಫ್‌ನಿಂದ ಎತ್ತುವಾಗ ಒತ್ತಕ್ಷರ, ಕೊಂಬು, ದೀರ್ಘಗಳು ಅದಲು ಬದಲಾಗುವುದುಂಟು. ಹಾಗಾಗಿ ಕನ್ನಡ ರೆಸ್ಯೂಮೆಯನ್ನು, ಅವಕಾಶವಿದ್ದಲ್ಲಿ, ವರ್ಡ್ ಕಡತವಾಗಿಯೇ ಕಳಿಸುವುದು ಒಳ್ಳೆಯದು.

ಇನ್ನು ತಿದ್ದುವ ಕೆಲಸ. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಯಾವುದಾದರೂ ಸರಿ, ‘ಈ ಪ್ರಕಟಣೆಗೆ ತಕ್ಕಂತೆ ನನ್ನ ರೆಸ್ಯೂಮೆ ಬರೆದುಕೊಡು’ ಎಂದರೆ ಬರೆದುಕೊಡುತ್ತದೆ. ಬರೆಯುವಾಗ ನೀವು ಮಾಡದ್ದನ್ನೂ ಸೇರಿಸುವುದುಂಟು. ಪ್ರಕಟಣೆಯಲ್ಲಿ ಕ್ಯುಬರ್ನೆಟಿಸ್ ಎಂಬ ತಾಂತ್ರಿಕ ಉಪಕರಣದ ಹೆಸರಿದ್ದರೆ ನಿಮ್ಮ ಕಾಲೇಜು ಪ್ರಾಜೆಕ್ಟಿನೊಳಕ್ಕೂ ಅದು ಬಂದು ಕೂರುತ್ತದೆ. ‘ಸಹಾಯ ಮಾಡಿದೆ’ ಎಂಬುದು ‘ಮುನ್ನಡೆಸಿದೆ’ ಆಗುತ್ತದೆ. ಎಲ್ಲಿಂದಲೋ ‘30 ಪರ್ಸೆಂಟ್ ಸುಧಾರಣೆ’ ಹುಟ್ಟಿಕೊಳ್ಳುತ್ತದೆ. ಇದನ್ನು ತಡೆಯಲು ಮೊದಲೇ ಒಂದು ಮೂಲಪಟ್ಟಿ ಮಾಡಿಟ್ಟುಕೊಳ್ಳಬೇಕು. ನಾಲ್ಕೈದು ಪುಟವಾದರೂ ಚಿಂತೆಯಿಲ್ಲ, ಇದು ಯಾರಿಗೂ ಕಳಿಸುವುದಲ್ಲ. ಮಾಡಿದ ಪ್ರತಿ ಕೆಲಸಕ್ಕೂ ಒಂದೊಂದು ಸಾಲು: ಏನು ಮಾಡಿದ್ದು, ಯಾವ ಉಪಕರಣದಿಂದ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಷ್ಟು, ಕೇಳಿದರೆ ಯಾರು ಹೌದೆನ್ನುತ್ತಾರೆ. ಸಾಲುಗಳಿಗೆ ನಂಬರ್ ಹಾಕಿ.

ಆಮೇಲೆ ತಂತ್ರಾಂಶಕ್ಕೆ ಬರೆಯಲು ಹೇಳಬೇಡಿ, ಹೋಲಿಸಲು ಹೇಳಿ. ಪ್ರಕಟಣೆ ಕೇಳುವ ಒಂದೊಂದು ಅರ್ಹತೆಯ ಎದುರಿಗೆ ಮೂಲಪಟ್ಟಿಯ ಯಾವ ನಂಬರಿನ ಸಾಲು ಹೊಂದುತ್ತದೆ, ಯಾವುದು ಇಲ್ಲವೇ ಇಲ್ಲ ಎಂದು ಕೋಷ್ಟಕ ಮಾಡಿಸಿ. ಅರ್ಧಕ್ಕಿಂತ ಹೆಚ್ಚು ‘ಇಲ್ಲ’ ಬಂದರೆ ಆ ಕೆಲಸವನ್ನು ಬಿಟ್ಟು ಮುಂದಕ್ಕೆ ಹೋಗಿ. ಉಳಿಯುವ ಸಮಯವೇ ದೊಡ್ಡ ಲಾಭ. ಹೊಂದಿದರೆ 12ರಿಂದ 15 ಸಾಲು ಆರಿಸಿ, ಮುಖ್ಯವಾದದ್ದನ್ನು ಮೇಲೆ ತಂದು, ಪ್ರತಿ ಸಾಲಿನ ಕೊನೆಗೆ ಮೂಲಪಟ್ಟಿಯ ನಂಬರ್ ಸಹಿತ ಬರೆಯಲು ಹೇಳಿ. ನಂಬರ್ ಇಲ್ಲದ ಸಾಲು ಕಂಡರೆ ಅಳಿಸಿಬಿಡಿ. ನಂಬರ್ ಇದ್ದ ಮಾತ್ರಕ್ಕೂ ನಂಬುವಂತಿಲ್ಲ. ಹೊಸ ರೆಸ್ಯೂಮೆಯಲ್ಲಿರುವ ಪ್ರತಿ ಅಂಕಿ, ಪ್ರತಿ ತಾಂತ್ರಿಕ ಹೆಸರು ಮೂಲಪಟ್ಟಿಯಲ್ಲೂ ಇದೆಯೇ ಎಂದು ನೋಡಿ, ಆಮೇಲೆ ಆ ನಂಬರುಗಳನ್ನು ತೆಗೆದುಹಾಕಿ. ಪೈಥಾನ್ ಪ್ರೋಗ್ರಾಮಿಂಗ್ ಬರುವವರಿಗೆ ಈ ಹೋಲಿಕೆ ಇಪ್ಪತ್ತು ಸಾಲಿನ ಕೆಲಸ, ಬಾರದವರಿಗೆ ಐದು ನಿಮಿಷದ ಕಣ್ಣೋಟ.

ಪದಗಳ ವಿಷಯದಲ್ಲಿ ಸೂಕ್ಷ್ಮವಿದೆ. ಎಚ್‌ಆರ್‌ನವರ ಹುಡುಕಾಟ ಬಹುಮಟ್ಟಿಗೆ ಅಕ್ಷರಕ್ಕೆ ಅಕ್ಷರ ಹೊಂದಿಸುವಂಥದ್ದು. ಬಿಕಾಂ ಓದಿದವರು ಲೆಕ್ಕಪತ್ರ ತಂತ್ರಾಂಶದ ಹಳೆಯ ಆವೃತ್ತಿಯಾದ ‘ಟ್ಯಾಲಿ ಇಆರ್‌ಪಿ 9’ ಎಂದಷ್ಟೇ ಬರೆದು, ಕಂಪನಿ ‘ಟ್ಯಾಲಿ ಪ್ರೈಮ್’ ಎಂದು ಹುಡುಕಿದರೆ ಸಿಗದೇ ಹೋಗಬಹುದು. ಎರಡರಲ್ಲೂ ಕೆಲಸ ಮಾಡಿದ್ದರೆ ಎರಡನ್ನೂ ಬರೆಯಿರಿ. ಹಳೆಯದರಲ್ಲಿ ಮಾತ್ರ ಮಾಡಿದ್ದರೆ ತಂತ್ರಾಂಶ ಸದ್ದಿಲ್ಲದೆ ‘ಪ್ರೈಮ್’ ಎಂದು ತಿದ್ದುವುದನ್ನು ಬಿಡಬೇಡಿ. ಸಂದರ್ಶನದಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿದರೆ ಎರಡು ನಿಮಿಷಕ್ಕೆ ಗೊತ್ತಾಗುತ್ತದೆ. ಕೆಲಸದ ದಿನಾಂಕ, ಹುದ್ದೆಯ ಹೆಸರುಗಳನ್ನಂತೂ ಒಂದು ಅಕ್ಷರ ಮುಟ್ಟಗೊಡಬಾರದು. ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಮೂಲಕ ಪಿಎಫ್ ಸೇವಾ ವಿವರ ತೆಗೆದು ತಾಳೆ ನೋಡುವುದು ಹಿನ್ನೆಲೆ ಪರಿಶೀಲನೆಯಲ್ಲಿ ಈಗ ಮಾಮೂಲು, ತಾಳೆಯಾಗದಿದ್ದರೆ ಆಫರ್ ಕೈಗೆ ಬಂದ ಮೇಲೂ ಕೆಲಸ ತಪ್ಪಬಹುದು.

ಇಷ್ಟಾದ ಮೇಲೆ ನಮೂನೆ. ತಾನೇ ಅರ್ಜಿ ಹಾಕುವ ಬಾಟ್‌ಗಳು ಎಡವುವುದು ಇಲ್ಲೇ, ಅದರಲ್ಲೂ ನಮ್ಮ ಕಡೆಯವರ ಅರ್ಜಿಗಳಲ್ಲಿ. ‘ರಮೇಶ ಎಚ್. ಎಂ.’ ಎಂಬ ಹೆಸರಿಗೆ ಸರ್‌ನೇಮ್ ಯಾವುದು? ಕೆಲವು ನಮೂನೆಗಳು ಒಂದಕ್ಷರದ ಸರ್‌ನೇಮ್ ಒಪ್ಪುವುದಿಲ್ಲ. ಬಾಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ ಅಥವಾ ‘ರಮೇಶ ರಮೇಶ’ ಎಂದು ತುಂಬುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ಯಾನ್, ಅರ್ಜಿ ಮೂರರಲ್ಲಿ ಮೂರು ಹೆಸರಾದರೆ ಮುಂದೆ ಅಫಿಡವಿಟ್‌ಗೆ ಅಲೆಯುವುದು ಅಭ್ಯರ್ಥಿಯೇ ಹೊರತು ಬಾಟ್ ಅಲ್ಲ.

ಅಂಕಗಳದ್ದು ಇನ್ನೂ ಅಪಾಯದ ಜಾಗ. ಸಿಜಿಪಿಎಯನ್ನು (ಹತ್ತಕ್ಕೆ ಕೊಡುವ ಸರಾಸರಿ ಗ್ರೇಡ್ ಅಂಕವನ್ನು) ಪರ್ಸೆಂಟಿಗೆ ತರಲು ತಂತ್ರಾಂಶ ಸುಮ್ಮನೆ 10ರಿಂದ ಗುಣಿಸಿಬಿಡುವುದುಂಟು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೆಲವು ಸ್ಕೀಮ್‌ಗಳಲ್ಲಿ, ಅಂದರೆ ಪಠ್ಯಕ್ರಮಗಳಲ್ಲಿ, 0.75 ಕಳೆದು 10ರಿಂದ ಗುಣಿಸಬೇಕು. 6.7 ಸಿಜಿಪಿಎ ಆಗ 59.5 ಆಗುತ್ತದೆ, 67 ಅಲ್ಲ. 60ರ ಗೆರೆ ಇರುವ ಕಂಪನಿಗೆ ಬಾಟ್ ನಿಮ್ಮ ಹೆಸರಿನಲ್ಲಿ ಸುಳ್ಳು ಹೇಳಿದಂತಾಯಿತು. ಸಂಬಳದ ಖಾನೆ ರೂಪಾಯಿಯಲ್ಲಿ ಕೇಳಿದಾಗ ಲಕ್ಷದ ಲೆಕ್ಕದಲ್ಲಿ ‘3.6’ ಎಂದು ತುಂಬುವುದು, 05/08 ಎಂಬುದನ್ನು ಅಮೆರಿಕದ ಕ್ರಮದಲ್ಲಿ ಮೇ 8 ಎಂದು ಓದುವುದು, ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಸರ್ವಿಸ್ ಬಾಂಡಿಗೆ ‘ಒಪ್ಪಿಗೆ’ ಎಂದು ಟಿಕ್ ಹಾಕುವುದು ಇವೂ ಇವೆ. ಬ್ರೌಸರ್ ಎಕ್ಸ್‌ಟೆನ್ಶನ್ ವಿಳಾಸ, ಇಮೇಲ್, ಕಾಲೇಜಿನ ಹೆಸರು ತುಂಬಲಿ. ಪ್ರಶ್ನೆಗಳಿಗೆ ಉತ್ತರ ನಿಮ್ಮದೇ ಇರಲಿ, ಕೊನೆಯ ಪುಟದಲ್ಲಿ ಅದು ನಿಲ್ಲುವಂತೆ ಸೆಟ್ಟಿಂಗ್ ಇರಲಿ. ಹೀಗೆ ಮಾಡಿದರೆ ಅರ್ಜಿಯೊಂದಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ, ದಿನಕ್ಕೆ ಐದಾರು ಆದರೆ ಹೆಚ್ಚು.

ನೂರಾರು ಕಳಿಸಿದರೆ ಒಂದಾದರೂ ತಾಗದೇ ಎನ್ನುವವರಿಗೆ ಒಂದು ಮಾತು. ಎಟಿಎಸ್‌ಗಳು ಸಾಮಾನ್ಯವಾಗಿ ಇಮೇಲ್ ವಿಳಾಸದ ಮೇಲೆ ಅರ್ಜಿಗಳನ್ನು ಒಟ್ಟುಗೂಡಿಸುತ್ತವೆ. ಒಂದೇ ಕಂಪನಿಯ ಹದಿನಾಲ್ಕು ಹುದ್ದೆಗೆ ಬಾಟ್ ಹದಿನಾಲ್ಕು ಬಗೆಯ ರೆಸ್ಯೂಮೆ ಕಳಿಸಿದರೆ ಎಚ್‌ಆರ್‌ನವರಿಗೆ ಹದಿನಾಲ್ಕೂ ಒಟ್ಟಿಗೆ ಕಾಣುತ್ತವೆ: ಒಂದರಲ್ಲಿ ಟೆಸ್ಟರ್, ಇನ್ನೊಂದರಲ್ಲಿ ಡೇಟಾ ಅನಲಿಸ್ಟ್! ಲಿಂಕ್ಡ್‌ಇನ್ ತನ್ನ ಬಳಕೆದಾರ ಒಪ್ಪಂದದಲ್ಲೇ ಬಾಟ್‌ಗಳನ್ನು ನಿಷೇಧಿಸಿದೆ. ಸಿಕ್ಕಿಬಿದ್ದರೆ ಖಾತೆಯನ್ನೇ ನಿರ್ಬಂಧಿಸುತ್ತದೆ. ನೌಕ್ರಿ ಜಾಲತಾಣದಲ್ಲಿ ಕಂಪನಿಗಳು ರೆಸ್‌ಡೆಕ್ಸ್ ಎಂಬ ಸಂಗ್ರಹದಲ್ಲಿ ತಾವೇ ಹುಡುಕುತ್ತವೆ, ಈಚೆಗೆ ಸಕ್ರಿಯರಾದವರನ್ನು ಸೋಸಿಕೊಳ್ಳುತ್ತವೆ. ಅದಕ್ಕೇ ದಿನಾ ಬೆಳಿಗ್ಗೆ ಪ್ರೊಫೈಲಿನ ಒಂದು ಚುಕ್ಕಿ ಬದಲಿಸುವ ಸ್ಕ್ರಿಪ್ಟ್‌ಗಳು ಹುಟ್ಟಿಕೊಂಡಿವೆ. ಚುಕ್ಕಿಗಿಂತ ಹೆಡ್‌ಲೈನ್ ಸರಿಯಾಗಿ ಬರೆದರೆ ಬರುವ ಕರೆಗಳಾದರೂ ಕೆಲಸಕ್ಕೆ ಸಂಬಂಧಪಟ್ಟವಾಗಿರುತ್ತವೆ.

ಈ ಸೇವೆಗಳಿಗೆ ಲಿಂಕ್ಡ್‌ಇನ್ ಪಾಸ್‌ವರ್ಡ್, ಒಟಿಪಿ ಓದಲೆಂದು ಇಮೇಲ್ ಪ್ರವೇಶ ಕೊಡುವುದು ಮನೆ ಬೀಗದ ಕೈಯನ್ನು ದಾರಿಹೋಕರಿಗೆ ಕೊಟ್ಟಂತೆ. ರೆಸ್ಯೂಮೆಯಲ್ಲಿ ತಂದೆಯ ಹೆಸರು, ಜನ್ಮದಿನಾಂಕ, ಆಧಾರ್ ನಂಬರ್, ಮನೆಯ ಪೂರ್ತಿ ವಿಳಾಸ ಬರೆಯುವ ಹಳೆಯ ರೂಢಿಯನ್ನೂ ಕೈಬಿಡಬೇಕು. ಊರಿನ ಹೆಸರು ಸಾಕು.

ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗದವರಲ್ಲಿ ನಮ್ಮ ಕೋರಿಕೆ: ಎರಡು ಕಾಲಮ್ಮಿನ ಬಣ್ಣದ ಟೆಂಪ್ಲೇಟ್ ಹಂಚುವ ಬದಲು, ಅಂತಿಮ ವರ್ಷದವರನ್ನು ಒಂದು ಗಂಟೆ ಲ್ಯಾಬಿನಲ್ಲಿ ಕೂರಿಸಿ ನೋಟ್‌ಪ್ಯಾಡ್ ಪರೀಕ್ಷೆ ಮಾಡಿಸಿ, ತಮ್ಮ ಸ್ಕೀಮಿನ ಪರ್ಸೆಂಟ್ ಸೂತ್ರವನ್ನು ಬರೆಸಿ. ಬೆಂಗಳೂರಿನಲ್ಲೇ ಕುಳಿತು ನೇಮಕ ಮಾಡುವ ಕಂಪನಿಗಳು ತಮ್ಮ ನಮೂನೆಯ ಸರ್‌ನೇಮ್ ಖಾನೆ ಒಂದೇ ಅಕ್ಷರವನ್ನೂ ಒಪ್ಪುವಂತೆ ಮಾಡಲಿ.

– ಇಬ್ಬರು ಉದ್ಯೋಗ ತರಬೇತುದಾರರು, ಹುಬ್ಬಳ್ಳಿ