ಹಿಂದಿನ ಸೀಟಿನಿಂದ ಒಂದು ದೂರು

ಇಂದ,
ಹಿಂದಿನ ಸೀಟಿನ ಗ್ರಾಹಕಿ,
ಮೈಸೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಟೂರಿಂಗ್ ಬೈಕಿನ ಹಿಂದಿನ ಸೀಟು, ಟಾಪ್ ಬಾಕ್ಸ್ (ಸೀಟಿನ ಹಿಂದೆ ಕೂರಿಸುವ ಸಾಮಾನಿನ ಪೆಟ್ಟಿಗೆ) ಮತ್ತು ನೀವು ಬಿಚ್ಚಿದ ಹಿಡಿಯ ಬಗ್ಗೆ

ಮಾನ್ಯರೇ,

ಗಾಡಿ ನಮ್ಮನೆಯವರ ಹೆಸರಿನಲ್ಲಿದೆ. ಅವರಿಗೆ ಗಾಡಿಯ ಮೇಲೆ ಯಾವ ದೂರೂ ಇಲ್ಲ, ದಿನಾ ಒರೆಸಿ ಮುದ್ದು ಮಾಡುತ್ತಾರೆ. ಹಿಂದೆ ಕೂರುವವಳು ನಾನು. ಅದಕ್ಕೇ ಈ ಪತ್ರ ನಾನು ಬರೆಯುತ್ತಿದ್ದೇನೆ.

ಹೋದ ತಿಂಗಳು ಮಡಿಕೇರಿ ಮೇಲೆ ಮಂಗಳೂರಿಗೆ ಹೊರಟೆವು. ಹುಣಸೂರು ದಾಟುವವರೆಗೆ ಸುಖವಾಗಿಯೇ ಇತ್ತು. ಕುಶಾಲನಗರದಲ್ಲಿ ಕಾಫಿಗೆ ಇಳಿದಾಗ ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ, ಅಷ್ಟು ಜೋಮು ಹಿಡಿದಿತ್ತು. ಅಲ್ಲಿಗೆ ಬಂದಿದ್ದು ಸುಮಾರು 90 ಕಿ.ಮೀ. ಮಾತ್ರ. ನಿಜವಾದ ಫಜೀತಿ ಶುರುವಾಗಿದ್ದು ಮಡಿಕೇರಿ ಬಿಟ್ಟು ಸಂಪಾಜೆ ಘಾಟಿ ಇಳಿಯುವಾಗ. ಪ್ರತಿ ತಿರುವಿನಲ್ಲೂ ಬ್ರೇಕ್, ಪ್ರತಿ ಬ್ರೇಕಿಗೂ ನಾನು ಜಾರಿ ಅವರ ಬೆನ್ನಿಗೆ. ನನ್ನ ಹೆಲ್ಮೆಟ್ ಅವರ ಹೆಲ್ಮೆಟ್ಟಿಗೆ ಟಕ್ ಅಂತ ಬಡಿಯೋದು. "ಸರಿಯಾಗಿ ಕೂತ್ಕೋ ಮಾರಾಯ್ತಿ" ಅಂತ ಅವರು. ನಾನು ಸರಿಯಾಗಿಯೇ ಕೂತಿದ್ದೆ ಸ್ವಾಮಿ, ನಿಮ್ಮ ಸೀಟೇ ಮುಂದಕ್ಕೆ ಇಳಿಜಾರು.

ಮನೆಗೆ ಬಂದು ಹೊಲಿಗೆ ಟೇಪು ಹಿಡಿದು ಅಳೆದೆ. ಅವರ ಸೀಟು ಮುಗಿಯುವ ಉಬ್ಬಿನಿಂದ ಟಾಪ್ ಬಾಕ್ಸಿನ ಒರಗು ದಿಂಬಿಗೆ ಇರುವುದು 10 ಇಂಚು. ಹಿಂಬದಿಯ ಅಗಲ 8 ಇಂಚು. ನಮ್ಮನೆಯ ಊಟದ ಮಣೆ ಇದಕ್ಕಿಂತ ದೊಡ್ಡದು, ಅದೂ ಸಮತಟ್ಟಾಗಿದೆ. ಅವರ ಸೀಟಿನಿಂದ ಕಾಲಿಡುವ ಜಾಗಕ್ಕೆ 20 ಇಂಚು, ನನಗೆ ಬರೀ 16. ಎತ್ತರದಲ್ಲಿ ನಾನು ಅವರಿಗಿಂತ ಎರಡೇ ಇಂಚು ಕಮ್ಮಿ. ಮಂಡಿ ಮಡಿಸಿಕೊಂಡು ಕುಕ್ಕರುಗಾಲಲ್ಲಿ ಮಂಗಳೂರು ಮುಟ್ಟಬೇಕು ಅಂದರೆ ಹೇಗೆ?

ಬಾಕ್ಸನ್ನು ಇಷ್ಟು ಮುಂದೆ ಕೂರಿಸಿದ್ದು ಯಾಕೆ ಅಂತ ಶೋರೂಮಿನಲ್ಲಿ ಕೇಳಿದೆ. ಭಾರ ಹಿಂದಿನ ಚಕ್ರದಿಂದ ಆಚೆಗೆ ಹೋದಷ್ಟೂ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲುಗುತ್ತದೆ ಅಂದರು. ಒಪ್ಪುವ ಮಾತೇ. ಆದರೆ ರ್‍ಯಾಕಿನ ಪ್ಲೇಟಿನಲ್ಲಿ, ಅಂದರೆ ಬಾಕ್ಸ್ ಕೂರುವ ತಟ್ಟೆಯಲ್ಲಿ, ಎರಡು ಸಾಲು ತೂತು ಕೊಟ್ಟಿರುವುದು ನೀವೇ ಅಲ್ವಾ? ಹಿಂದಿನ ಸಾಲಿಗೆ ಹಾಕಿದರೆ ನನಗೆ ಎರಡು ಇಂಚು ಸಿಗುತ್ತದೆ. ನಮ್ಮ ಬಾಕ್ಸಿನಲ್ಲಿರುವುದು ಎರಡು ರೇನ್ ಕೋಟು, ಒಂದು ಪುಳಿಯೋಗರೆ ಡಬ್ಬಿ.

ಇನ್ನೊಂದು ವಿಷಯ ತಮಾಷೆಯದ್ದಲ್ಲ. ರ್‍ಯಾಕ್ ಹಾಕಲು ಗಾಡಿಯ ಜೊತೆ ಬಂದಿದ್ದ ಹಿಡಿಯನ್ನು ಬಿಚ್ಚಿದರು. ಪಕ್ಕದ ಪೆಟ್ಟಿಗೆಗಳ ಸ್ಟೇ (ಆಧಾರದ ಕಂಬಿ) ಕೂರಿಸಲು ಸ್ಯಾರಿ ಗಾರ್ಡನ್ನೂ ತೆಗೆದರು. ಎರಡನ್ನೂ ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು, ಈಗ ನಮ್ಮ ಅಟ್ಟದ ಮೇಲಿವೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 123ನೇ ನಿಯಮವನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹಿಂದೆ ಕೂರುವವರಿಗೆ ಖಾಯಂ ಹಿಡಿ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದ ಮರೆ ಇರಲೇಬೇಕು. ಅಂಥ ಗಾಡಿಯಿಂದ ನಿಮ್ಮದೇ ಆಕ್ಸೆಸರಿ ಹಾಕಲು, ನಿಮ್ಮದೇ ಶೋರೂಮಿನಲ್ಲಿ ಅವನ್ನು ಬಿಚ್ಚಬಹುದಾ? ನಾನು ಚೂಡಿದಾರದ ವೇಲನ್ನು ಸೊಂಟಕ್ಕೆ ಎರಡು ಸುತ್ತು ಕಟ್ಟಿಕೊಂಡು ಕೂರುತ್ತೇನೆ. ಎಲ್ಲರೂ ಕಟ್ಟಿಕೊಳ್ಳುತ್ತಾರೆ ಅಂತ ಏನು ಗ್ಯಾರಂಟಿ?

ಸರ್ವೀಸಿನವರಿಗೆ ಹೇಳಿದರೆ "ಜೆಲ್ ಪ್ಯಾಡ್ ಹಾಕ್ಕೊಳಿ ಮೇಡಂ, ಎಲ್ಲಾ ಅಡ್ಜಸ್ಟ್ ಆಗುತ್ತೆ" ಅಂದರು. ಅದಕ್ಕೂ ದುಡ್ಡು ಕೊಟ್ಟೆವು. ಒಂದು ಇಂಚು ಎತ್ತರವಾಯಿತು, ಗಾಳಿ ಜಾಸ್ತಿ ಹೊಡೆಯಿತು, ಜಾರುವುದು ಮಾತ್ರ ಹಾಗೇ ಉಳಿಯಿತು. ಸೀಟ್ ಕವರ್ ಹಾಕುವ ಸಾಬರು ಫೋಮ್ ಕೆತ್ತಿ ಸಮ ಮಾಡಿಕೊಡ್ತೀನಿ ಅಂದರು. ಹಾಗೆ ಮಾಡಿಸಿದರೆ ಸೀಟಿಗೆ ವಾರಂಟಿ ಇಲ್ಲ ಅಂತ ನಿಮ್ಮವರು ಹೆದರಿಸಿದರು.

ಸ್ವಲ್ಪ ಆರಾಮ ಸಿಕ್ಕಿದ್ದು ನಮ್ಮ ಬೀದಿಯ ಮೆಕ್ಯಾನಿಕ್ ಹುಡುಗನಿಂದ. ಸೀಟಿನಡಿ ಬಿಚ್ಚದೇ ಇದ್ದ ಟೂಲ್ ಕಿಟ್ಟಿನಿಂದ ಸಿ ಸ್ಪ್ಯಾನರ್ ತೆಗೆದು ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಬಿಗಿ ಮಾಡುವ ರಿಂಗನ್ನು ಎರಡು ಮೆಟ್ಟಿಲು ಬಿಗಿ ಮಾಡಿದ. ಚೈನ್ ಕವರಿನ ಮೇಲಿನ ಚೀಟಿ ತೋರಿಸಿ, ಇಬ್ಬರು ಕೂತಾಗ ಹಿಂದಿನ ಟೈರಿಗೆ ಗಾಳಿ ಬೇರೆ ಲೆಕ್ಕ ಅಂದ. ಹಂಪುಗಳಲ್ಲಿ ಸೊಂಟಕ್ಕೆ ಬೀಳುತ್ತಿದ್ದ ಏಟು ಅರ್ಧಕ್ಕಿಳಿಯಿತು. ಹತ್ತು ನಿಮಿಷದ ಕೆಲಸ. ಡೆಲಿವರಿ ದಿನ ಹಾರ ಹಾಕಿ ಫೋಟೋ ತೆಗೆದವರಿಗೆ ಇದನ್ನು ಹೇಳಲು ಪುರುಸೊತ್ತು ಇರಲಿಲ್ಲ.

ಹಿಡಿ ಮತ್ತು ಸ್ಯಾರಿ ಗಾರ್ಡ್ ಉಳಿಸಿಕೊಂಡೇ ಕೂರುವಂಥ ರ್‍ಯಾಕ್ ಕೊಡಿ, ಇಲ್ಲವಾದರೆ ಈಗಿನದನ್ನು ತೆಗೆದು ದುಡ್ಡು ವಾಪಸ್ ಮಾಡಿ. ಸೀಟನ್ನು ಸಮತಟ್ಟು ಮಾಡಿಸಲು ಲಿಖಿತ ಒಪ್ಪಿಗೆ ಕೊಡಿ. ಕಾಲಿಡುವ ಜಾಗ ಒಂದೆರಡು ಇಂಚಾದರೂ ತಗ್ಗಿಸಲು ಆಗುತ್ತದಾ ನೋಡಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ.

ಗಾಡಿ ಮುಂದಿನ ಶನಿವಾರ ಸರ್ವೀಸಿಗೆ ಬರುತ್ತದೆ, ಜೊತೆಗೆ ನಾನೂ ಬರುತ್ತೇನೆ. ಸೀಟು ಡಿಸೈನ್ ಮಾಡಿದವರು ಯಾರಾದರೂ ಇದ್ದರೆ ಹಿಂದೆ ಕೂತು ಚಾಮುಂಡಿ ಬೆಟ್ಟ ಹತ್ತಿ ಇಳಿದು ಬರಲಿ. ಗಾಡಿ ನಮ್ಮನೆಯವರೇ ಓಡಿಸುತ್ತಾರೆ. ಹೆಲ್ಮೆಟ್ ನನ್ನದೇ ಕೊಡುತ್ತೇನೆ.

ಇತಿ,
ನಿಮ್ಮ ಗ್ರಾಹಕಿ

ಲಗತ್ತು: ಟೇಪು ಹಿಡಿದು ತೆಗೆದ ನಾಲ್ಕು ಫೋಟೋ, ರ್‍ಯಾಕ್ ಮತ್ತು ಜೆಲ್ ಪ್ಯಾಡಿನ ಬಿಲ್ಲು